ಹದಿನಾರನೆಯ ಪಾರಾ

ಅಂದು ಬೆಳಿಗ್ಗೆ ಜೋಗೇಶ್ವರಿಯ ಮೇಲೆ ಮೋಡ ಬೋಗುಣಿ ಬೋರಲು ಹಾಕಿದಂತೆ ಕೂತಿತ್ತು. ಜೂನಿನ ಮೊದಲ ವಾರ. ಹನಿ ಉದುರದು, ಗಾಳಿ ಅಲುಗದು, ಮನುಷ್ಯರ ಮೈಯಿಂದ ಮಾತ್ರ ನೀರಿಳಿಯುತ್ತಿತ್ತು. ಇಂಥ ಹವೆಯಲ್ಲಿ ಹತ್ತಿ ಹಸಿ ಕುಡಿದು ಮುದ್ದೆಯಾಗುತ್ತದೆಂದು ಇಮಾಮಸಾಬ ನದಾಫ ತನ್ನ ಗಾದಿ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು, ಚಾಳಿನ ಮೇಲಂತಸ್ತಿನ ಖೋಲಿಗೆ ಚಹಾಕ್ಕೆ ಬಂದಿದ್ದ. ಹೆಂಡತಿ ದಾವಲಬಿ ಕಪ್ಪಿನಿಂದ ಬಸಿಗೆ ಚಹಾ ಸುರಿಯುತ್ತಿದ್ದಾಗ ಪಕ್ಕದ ಖೋಲಿಯ ನಸ್ರೀನ್ ಬಾಗಿಲಲ್ಲಿ ಬಂದು ನಿಂತಳು.

"ಚಾಚಿ, ಅಮ್ಮಿಯ ಪೆಟ್ಟಿಗೆದಾಗ ಕುರಾನಿನ ಪಾರಾ ಇಪ್ಪತ್ತೊಂಬತ್ತೇ ಅದಾವ. ಸೋಲವಾ, ಹದಿನಾರನೇದು, ಗಾಯಬ್. ಪೂರಾ ಗ್ಯಾಲರಿ ಕೇಳಿ ಬಂದೆ."

"ನಮ್ಮ ಮನ್ಯಾಗ ಹುಡುಕಿದ್ರ ಹತ್ತಿ ಸಿಗತೈತವ್ವ," ಎಂದು ಇಮಾಮಸಾಬ ನಕ್ಕ. "ಪಿಂಜಾರರ ಮನಿಗೆ ಪಾರಾ ಯಾಕ ಬರತೈತಿ?"

ಚಹಾ ಬಸಿಯ ಅಂಚು ದಾಟಿ ನೆಲಕ್ಕೆ ಹರಿಯಿತು. "ನೋಡತೀನಿ, ಹೋಗವ್ವ," ಎಂದಳು ದಾವಲಬಿ, ತಲೆ ಎತ್ತದೆ. ಕಪಾಟಿನ ಮೇಲೆ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಆ ತೆಳ್ಳನೆಯ ಪುಸ್ತಕದ ಕಡೆ ಅವಳು ಮೂವತ್ತೇಳು ದಿನಗಳಿಂದಲೂ ತಲೆ ಎತ್ತಿರಲಿಲ್ಲ.

ನಸ್ರೀನಳ ತಾಯಿ ಜೈತುನಬಿ ತೀರಿಕೊಂಡು ಅಂದಿಗೆ ನಲವತ್ತು ದಿನ. ಸತ್ತವರ ಮನೆಯಲ್ಲಿ ಹೆಂಗಸರು ಕೂಡುವುದು, ಕುರಾನಿನ ಮೂವತ್ತು ಪಾರಾಗಳನ್ನು ಬಿಡಿಬಿಡಿಯಾಗಿ ಹಂಚಿಕೊಂಡು ಓದುವುದು, ಎಲ್ಲರದೂ ಮುಗಿದ ಮೇಲೆ ದುವಾ ಮಾಡಿ ಆ ಓದಿನ ಪುಣ್ಯವನ್ನು ಸತ್ತವರಿಗೆ ಮುಟ್ಟಿಸುವುದು ಚಾಳಿನ ರೂಢಿ. ಮೂರನೆಯ ದಿನ ದಾವಲಬಿಯ ಕೈಗೆ ಬಂದದ್ದು ಹದಿನಾರನೆಯದು. ಅವಳು ಎಂದಿನಂತೆ ತುಟಿ ಆಡಿಸಿದಳು, ಬೆರಳು ಓಡಿಸಿದಳು, ಪಕ್ಕದವಳು ಹಾಳೆ ತಿರುವಿದಾಗ ತಾನೂ ತಿರುವಿದಳು. ಅವಳಿಗೆ ಅರಬ್ಬಿಯ ಒಂದಕ್ಷರವೂ ಬರುತ್ತಿರಲಿಲ್ಲ. ನಸ್ರೀನ್ "ಆಯ್ತಾ ಚಾಚಿ?" ಎಂದಾಗ "ಆತವ್ವ" ಎಂದಳು. ದುವಾ ಆಯಿತು. ಆದರೆ ಅಂದು ಮಾತ್ರ ಆ ಪುಸ್ತಕವನ್ನು ಓದಿ ಮುಗಿಸಿದವುಗಳ ಮೇಲೆ ಇಡಲು ಕೈ ಬರಲಿಲ್ಲ. ಸೆರಗಿನೊಳಗೆ ಮನೆಗೆ ತಂದಿದ್ದಳು.

ಸುಳ್ಳು ಹಳೆಯದು. ಇಪ್ಪತ್ತಾರು ವರ್ಷದ ಹಿಂದೆ ಇಂಡಿ ತಾಲ್ಲೂಕಿನ ಹಳ್ಳಿಯಿಂದ ಮದುಮಗಳಾಗಿ ಬಂದಾಗ, ಹಿಂದಿ ಬಾರದ ಅವಳ ಕೈ ಹಿಡಿದು ರೇಶನ್ ಅಂಗಡಿ ತೋರಿಸಿದವಳು, ಲೋಕಲ್ ರೈಲು ಹತ್ತಿಸಿದವಳು ವಿಜಾಪುರದ ಜೈತುನಬಿ. ಒಂದು ಮಧ್ಯಾಹ್ನ ಅವಳು ಕೇಳಿದ್ದಳು: "ಕುರಾನ್ ಓದಾಕ ಬರತೈತೇನ? ಬರಲಿಕ್ಕಂದ್ರ ಹೇಳು, ನಾ ಕಲಸತೀನಿ." ಪಕ್ಕದಲ್ಲಿ ಕೂತ ಇಬ್ಬರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು, ಹತ್ತಿ ಹಿಂಜುವವರಿಗೆ ಓದು ಎಲ್ಲಿಯದು ಎನ್ನುವಂಥ ನಗು. ದಾವಲಬಿ ಥಟ್ಟನೆ "ಬರತೈತಿ" ಎಂದುಬಿಟ್ಟಳು. ಹಾಗಂದ ಮೇಲೆ ಕಲಿಯುವ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಬರುತ್ತದೆ ಎಂದವಳಿಗೆ ಯಾರು ಕಲಿಸುತ್ತಾರೆ?

"ಎಲ್ಲೈತಿ ಅದು?" ಇಮಾಮಸಾಬ ಈಗ ನಗುತ್ತಿರಲಿಲ್ಲ. ಅವಳು ಕಪಾಟಿನ ಕಡೆ ಕಣ್ಣು ಮಾಡಿದಳು. "ಸುಮ್ಮ ಹೋಗಿ ಪೆಟ್ಟಿಗ್ಯಾಗ ಇಟ್ಟು ಬಾ. ಸತ್ತಾಕಿ ಎದ್ದು ಬಂದು ಕೇಳತಾಳೇನ?"

"ಆಕಿ ಕೇಳೂದಿಲ್ಲ," ಎಂದಳು ದಾವಲಬಿ. "ಅದಕ್ಕ ನಾನ ಹೋಗಿ ಹೇಳಬೇಕು."

ಮಧ್ಯಾಹ್ನ ಕೈಕಾಲು ಮುಖ ತೊಳೆದು, ಕುರಾನ್ ಮುಟ್ಟುವ ಮುನ್ನಿನ ವಜೂ ಮಾಡಿ, ಬಿಳಿ ಬಟ್ಟೆಯ ಗಂಟನ್ನು ಎದೆಗಪ್ಪಿಕೊಂಡು ಪಕ್ಕದ ಖೋಲಿಗೆ ಹೋದಳು. ನಸ್ರೀನ್ ಒಬ್ಬಳೇ ಅಕ್ಕಿ ತೊಳೆಯುತ್ತಿದ್ದಳು. ಗಂಟು ಕಂಡು ಅವಳ ಮುಖ ಅರಳಿತು. ದಾವಲಬಿ ನಿಂತಲ್ಲೇ ಎಲ್ಲ ಹೇಳಿದಳು. ಅರಳಿದ ಮುಖ ನಿಧಾನಕ್ಕೆ ಮುಚ್ಚಿತು.

"ನೀವು ಆತು ಅಂದ್ರಿ. ಅದರ ಮ್ಯಾಲೆ ದುವಾ ಮಾಡಿದ್ವಿ."

"ಹೂಂ."

"ಮತ್ತ ನನ್ನ ಅಮ್ಮಿಗೆ ಏನು ಮುಟ್ಟಿತು ಚಾಚಿ? ಖಾಲಿ ಹಾಳೆ?"

ನಸ್ರೀನ್ ಒದ್ದೆ ಕೈಗಳನ್ನು ಒರೆಸಿಕೊಂಡು ಮುಂದೆ ಚಾಚಿದಳು. "ಕೊಡ್ರಿ. ಇವತ್ತು ಬೇರೆ ಯಾರಾದ್ರೂ ಓದತಾರ. ಯಾರಿಗೂ ಬೋಲನೇಕಾ ನಹಿ. ನಂಗೂ ನಾಚಿಕಿ ಆಗತದ."

ದಾವಲಬಿ ಗಂಟನ್ನು ಕೈಯಿಂದ ಬಿಡಲಿಲ್ಲ. "ಇದು ನಂದ ಪಾಲು, ಬೇಟಾ. ನಾನ ಓದಿ ಕೊಡತೀನಿ."

"ಕಬ್? ನಿಮಗ ಬರಲ್ಲಲ್ಲ!"

"ಕಲತು."

ನಸ್ರೀನ್ ನಕ್ಕಳು. ಒಳ್ಳೆಯ ನಗುವಲ್ಲ. "ಅಮ್ಮಿ ಜಿಂದಾ ಇದ್ದಾಗ ಗ್ವಾಡಿ ಆಚೇನೇ ಇದ್ದಳು. ಆವಾಗ ಕಲಿಲಿಲ್ಲ."

ಸಂಜೆ ಅಸರ್ ನಮಾಜಿನ ನಂತರ ಹೆಂಗಸರು ಕೂಡಿದರು. ಕೊನೆಯ ಮನೆಯ ಹುಡುಗಿ ಹದಿನಾರನೆಯದನ್ನು ಮೊಬೈಲಿನಲ್ಲಿ ತೆರೆದುಕೊಂಡು ಕೂತಳು. ಪಾರಾಗಳು ಕೈಯಿಂದ ಕೈಗೆ ಸಾಗಿದವು. ದಾವಲಬಿ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕೂತಿದ್ದಳು. ಹಿರಿಯಳಾದ ಮೆಹಬೂಬಾ ಅಜ್ಜಿ ಕನ್ನಡಕದ ಮೇಲಿಂದ ನೋಡಿ ಅವಳತ್ತ ಎರಡು ಪಾರಾ ಚಾಚಿದಳು. "ತಗೋ ದಾವಲಬಿ, ನಿಂಗ ಎರಡು. ಇಷ್ಟು ಮಂದ್ಯಾಗ ಎಲ್ಲಾರಕಿಂತ ಲಗೂ ಓದಾಕಿ ನೀನ."

ಹತ್ತು ಹೆಂಗಸರು ಹೌದೆಂದು ತಲೆಯಾಡಿಸಿದರು. ನಸ್ರೀನ್ ಮುಖ ಆಚೆ ತಿರುಗಿಸಿದಳು. ಕೈ ಚಾಚಿದ್ದರೆ ಸಾಕಿತ್ತು. ಎಲ್ಲ ಹಿಂದಿನಂತೆಯೇ ನಡೆದುಹೋಗುತ್ತಿತ್ತು.

"ನನಗ ಓದಾಕ ಬರೂದಿಲ್ಲ, ಅಜ್ಜಿ."

"ಕಣ್ಣು ನೋವೇನ?"

"ಕಣ್ಣು ಚಲೋ ಅದಾವ. ನನಗ ಮೊದಲಿಂದಾನೂ ಬರೂದಿಲ್ಲ. ಬರೇ ಹಾಳಿ ತಿರವತಿದ್ದೆ."

ಅಜ್ಜಿ ಚಾಚಿದ ಪಾರಾಗಳನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಗೋಡೆಗೆ ಒರಗಿದ್ದವಳೊಬ್ಬಳು ಮೆಲ್ಲಗೆ ಕೇಳಿದಳು: "ಹಂಗಾರ ನಮ್ಮ ಅತ್ತಿದು? ಆವಾಗೂ ನೀ ಓದಿದ್ದಿ ಅಂತ..." ಇನ್ನೊಬ್ಬಳು ತನ್ನ ಗಂಡನ ಹೆಸರು ಹೇಳಿದಳು. ದಾವಲಬಿಗೆ ಅಲ್ಲಿಯವರೆಗೆ ಜೈತುನಬಿ ಒಬ್ಬಳದೇ ಚಿಂತೆ. ಈಗ ಆ ಚಾಳಿನ ಸತ್ತವರೆಲ್ಲ, ಹನ್ನೊಂದು ಮಂದಿ, ಒಬ್ಬರ ಹಿಂದೊಬ್ಬರು ಬಂದು ಮುಂದೆ ನಿಂತಂತಾಯಿತು. ಅವಳು ಎದ್ದು ಮನೆಗೆ ಹೋದಳು. ಯಾರೂ ಕೂಡ್ರು ಅನ್ನಲಿಲ್ಲ.

ಮರುದಿನ ಮಳೆ ಹಿಡಿಯಿತು. ಮಸೀದಿಯ ಹಿಂದಿನ ಖೋಲಿಯಲ್ಲಿ ಮಧ್ಯಾಹ್ನ ಹುಡುಗಿಯರಿಗೆ ಕುರಾನ್ ಕಲಿಸುತ್ತಿದ್ದ ಉಸ್ತಾನಿಯ ಎದುರು ದಾವಲಬಿ ಅಕ್ಷರ ಕಲಿಸುವ ಕಾಯಿದಾ ಪುಸ್ತಕ ಹಿಡಿದು ಕೂತಳು. ಆಚೀಚೆ ಆರೇಳು ವರ್ಷದ ಹುಡುಗಿಯರು. "ದಾದಿಮಾ, ಐನ್ ಅಕ್ಷರ ಹೊಟ್ಟೆಯಿಂದಲ್ಲ, ಗಂಟಲಿಂದ!" ಎಂದು ಅವು ಕಿಸಕ್ಕನೆ ನಗುತ್ತಿದ್ದವು. ಅಕ್ಷರ ಒಂಟಿಯಾಗಿದ್ದಾಗ ಗುರುತು ಸಿಗುತ್ತಿತ್ತು. ಒಂದಕ್ಕೊಂದು ಕೈ ಹಿಡಿದ ಕೂಡಲೇ ಮುಖ ಬದಲಿಸುತ್ತಿದ್ದವು. ಮನೆಯಲ್ಲಿ ಅವಳು ಬೆರಳಿಟ್ಟು ತೊದಲುವುದನ್ನು ಕೇಳುತ್ತ ಇಮಾಮಸಾಬ ಹೊಲಿಗೆಯ ಸೂಜಿ ನಿಲ್ಲಿಸುತ್ತಿದ್ದ. "ಹಳೀ ಗಾದಿ ಹತ್ತಿ ಹಿಂಜಿದಂಗ ಹಿಂಜತಿಯಲ್ಲ," ಎನ್ನುತ್ತಿದ್ದ. "ಹಳೀ ಹತ್ತೀನೂ ಅರಳತೈತಲ್ಲ," ಎನ್ನುತ್ತಿದ್ದಳು. ಗ್ಯಾಲರಿಯಲ್ಲಿ ಮಾತ್ರ ಅವಳು ನೀರು ತುಂಬಲು ಹೋದರೆ ಮಾತು ನಿಲ್ಲುತ್ತಿತ್ತು. ಆ ವರ್ಷ ಇಬ್ಬರು ತೀರಿಕೊಂಡರು. ಓದಿಗೆ ಅವಳನ್ನು ಕರೆಯಲಿಲ್ಲ.

ದೀಪಾವಳಿಯ ಪಟಾಕಿ ಸದ್ದು ಅಡಗಿದ ಮೇಲೆ ಉಸ್ತಾನಿ ಹದಿನಾರನೆಯ ಪಾರಾ ತೆರೆಸಿದಳು. ನಾಲ್ಕನೆಯ ಹಾಳೆಯ ಹೊತ್ತಿಗೆ ಮರಿಯಮ್ ಸೂರಾ ಎಂಬ ಅಧ್ಯಾಯ ಬಂತು. ಮೊದಲ ಸಾಲಿನಲ್ಲಿ ಐದೇ ಅಕ್ಷರ. ದಾವಲಬಿ ಕೂಡಿಸಲು ಹೆಣಗಿದಳು.

"ಕೂಡಿಸಬೇಡಿ ಖಾಲಾ. ಇಲ್ಲಿ ಒಂದೊಂದು ಅಕ್ಷರದ ಹೆಸರಷ್ಟೇ ಹೇಳಬೇಕು."

"ಕಾಫ್. ಹಾ. ಯಾ. ಐನ್. ಸಾದ್." ಅವಳು ತಡವರಿಸಲಿಲ್ಲ. "ಹಂಗಂದ್ರ ಏನು?"

"ಅಲ್ಲಾಹನಿಗೇ ಗೊತ್ತು. ದೊಡ್ಡ ದೊಡ್ಡ ವಿದ್ವಾಂಸರು, ಆಲಿಮರೂ ಇಲ್ಲಿ ನಿಮ್ಮ ಹಾಗೆ ಅಕ್ಷರ ಹೇಳಿ ಮುಂದೆ ಹೋಗುತ್ತಾರೆ."

ದಾವಲಬಿ ಮುಂದೆ ಹೋಗಲಿಲ್ಲ. ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು ಐದೂ ಅಕ್ಷರಗಳನ್ನು ಮತ್ತೊಮ್ಮೆ ಹೇಳಿದಳು. ಇನ್ನೊಂದು ದಿನ ಉಸ್ತಾನಿ, ಮರಿಯಮ್ ಹೆರಿಗೆಯ ನೋವಿನಲ್ಲಿ ಒಬ್ಬಳೇ ಖರ್ಜೂರದ ಮರಕ್ಕೆ ಒರಗಿ, ಇದಕ್ಕಿಂತ ಮೊದಲೇ ನಾನು ಸಾಯಬಾರದಿತ್ತೇ ಎಂದದ್ದನ್ನು ಹೇಳಿದಳು. ಆ ಮಾತು ಇಷ್ಟು ಕಾಲವೂ ದಾವಲಬಿಯ ಕೈಯಲ್ಲೇ ಇತ್ತು. ಅವಳು ಅದರ ಮೇಲೆ ಬೆರಳಾಡಿಸಿ ಹಾಳೆ ತಿರುವಿದ್ದಳು. ಮನೆಗೆ ಬಂದವಳು ಅಂದು ಊಟ ಮಾಡಲಿಲ್ಲ.

ಓದಿ ಮುಗಿದದ್ದು ಫೆಬ್ರವರಿಯ ಒಂದು ಮಂಗಳವಾರ, ಬೆಳಗಿನ ನಮಾಜಿನ ನಂತರ. ಕೊನೆಯ ಹಾಳೆಯನ್ನು ಎರಡು ಸಲ ಓದಿದಳು. ಜೈತುನಬಿಯ ಹೆಸರು ಹೇಳಿ ದುವಾ ಮಾಡಿದಳು. ಉಳಿದ ಹತ್ತು ಹೆಸರುಗಳನ್ನೂ ಹೇಳಿ, ಅವರ ಪಾಲು ಇನ್ನೂ ತನ್ನ ಮೇಲಿದೆ ಎಂದಳು. ಇಮಾಮಸಾಬ ಹಾಸಿಗೆಯಲ್ಲಿ ಎದ್ದು ಕೂತು ಆಮೀನ್ ಎಂದ.

ನಸ್ರೀನ್ ಆಗಲೇ ವಿಕ್ರೋಳಿಯ ಆಫೀಸಿಗೆ ಹೊರಟು, ಹೆಗಲಿಗೆ ಚೀಲ ಹಾಕಿ, ಹೊಸ್ತಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದಳು. ದಾವಲಬಿ ಎದುರು ನಿಂತು ಪಾರಾ ಮುಂದೆ ಹಿಡಿದಳು. ಎಂಟು ತಿಂಗಳಲ್ಲಿ ಒಂದು ಮಾತೂ ಆಡದ ಹುಡುಗಿ ಅದರ ಅಂಚನ್ನು ನೋಡಿದಳು. ಪ್ರತಿ ಹಾಳೆಯ ಮೂಲೆಯೂ ಬೆರಳಿನ ಬೆವರಿಗೆ ಕಂದಿತ್ತು. ಅವಳು ಚಪ್ಪಲಿಯಿಂದ ಕಾಲು ತೆಗೆದಳು. ಚೀಲ ಇಳಿಸಿ ಒಳಗೆ ಹೋದಳು. ನಲ್ಲಿಯ ಸದ್ದು, ವಜೂವಿನ ನೀರಿನ ಸದ್ದು ಬಂತು. ದಾವಲಬಿ ಅಲ್ಲಿಯೇ ಕಾದಳು.

ನಸ್ರೀನ್ ಹೊರಗೆ ಬಂದಾಗ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ದುಪಟ್ಟಾದಿಂದ ಕೈ ಒರೆಸಿ, ಎರಡೂ ಕೈ ಬೊಗಸೆಯಾಗಿ ಕೂಡಿಸಿ ಮುಂದೆ ಹಿಡಿದಳು. ದಾವಲಬಿ ಪಾರಾವನ್ನು ಆ ಬೊಗಸೆಯೊಳಗೆ ಇಟ್ಟಳು.