ನೀರಿಗಿಟ್ಟ ಹದಿನಾಲ್ಕು ಮೊಟ್ಟೆ

ಮೈದುನ ತಾನೇ ಬೆಸೆದು ನಿಲ್ಲಿಸಿದ ಪುಟ್ಟ ಗಾಳಿಯಂತ್ರ ತಿರುಗತೊಡಗಿ ಐದು ದಿನವಾಗಿತ್ತು. ಅವನ ವೆಲ್ಡಿಂಗ್ ಶೆಡ್ಡಿನ ಫ್ಯಾನು, ದೀಪ ಎರಡೂ ಅದರಿಂದಲೇ. ಕಂಬಕ್ಕೆ ಭದ್ರವಾದ ಆಸರೆ ಬೇಕೆಂದು ಪಕ್ಕದ ಕೋಳಿಮನೆಯ ಕಲ್ಲುಗೋಡೆಗೆ ನಾಲ್ಕು ಬೋಲ್ಟು ಬಿಗಿದಿದ್ದ.

ಅದೇ ಗೋಡೆಯ ಒಳಮಗ್ಗುಲಲ್ಲಿ ಅತ್ತಿಗೆಯ ಕರಿಕೋಳಿ ಕಾವಿಗೆ ಕೂತಿತ್ತು. ಇನ್ನು ಮೂರು ದಿನಕ್ಕೆ ಮರಿ ಹೊರಬರಬೇಕು. ಐದು ದಿನದಿಂದ ಎದ್ದೆದ್ದು ಓಡಾಡುತ್ತಿದ್ದ ಕೋಳಿ ಈ ಬೆಳಿಗ್ಗೆ ಗೂಡಿನ ಕಡೆ ತಿರುಗಿಯೂ ನೋಡಲಿಲ್ಲ. ಮಾಡಿನ ಗುಬ್ಬಿಗಳಂತೂ ಆಗಲೇ ಜಾಗ ಖಾಲಿ ಮಾಡಿದ್ದವು.

"ನಿನ್ನ ಯಂತ್ರ ಗುಂಯ್ ಅನ್ನುತ್ತೆ ಕಣೋ. ಕಿವಿಗಲ್ಲ, ಎದೆಗೆ ಕೇಳಿಸುತ್ತೆ," ಎಂದಳು ಅತ್ತಿಗೆ.

"ಎದೆಗೆ ಕೇಳಿಸೋದಾದ್ರೆ ಡಾಕ್ಟರ ಹತ್ರ ಹೋಗಿ ಅತ್ತಿಗೆ. ನಾನು ವೆಲ್ಡರ್."

"ದಿನವಿಡೀ ಕಬ್ಬಿಣ ಬಡಿಯೋ ಕಿವಿ ನಿಂದು. ಗುಡುಗಿದರೂ ಯಾರೋ ಕೆಮ್ಮಿದರು ಅಂತೀಯ."

ಮೊಟ್ಟೆಗಳಲ್ಲಿ ಜೀವ ಉಳಿದಿದೆಯೋ ಇಲ್ಲವೋ ಎಂಬುದೇ ಅವಳ ಚಿಂತೆ. ಗೋಡೆಗೆ ಸೇರಿದ ಕಟ್ಟೆಯ ಮೇಲೆ ಅಗಲ ಬೋಗುಣಿಯಿಟ್ಟು ಉಗುರುಬೆಚ್ಚಗಿನ ನೀರು ಹೊಯ್ದಳು. ಮರಿ ಬದುಕಿದ್ದರೆ ಮೊಟ್ಟೆ ತಾನಾಗಿ ಅಲುಗುತ್ತದೆ, ಸತ್ತಿದ್ದರೆ ಸುಮ್ಮನೆ ತೇಲುತ್ತದೆ. ತಾಯಿ ಕಲಿಸಿದ ಪರೀಕ್ಷೆ.

ಹದಿನಾಲ್ಕೂ ನಡುಗಿದವು.

"ನೋಡಿ, ಎಲ್ಲಾ ಕುಣೀತಿವೆ. ಸುಮ್ನೆ ನನ್ನ ಮೇಲೆ ದೂರು," ಎಂದ ಮೈದುನ.

ಅವಳು ಒಂದೊಂದೇ ಮೊಟ್ಟೆ ಎತ್ತಿ ಕಂಬಳಿಯಲ್ಲಿ ಸುತ್ತಿದಳು. ಬೋಗುಣಿಯಲ್ಲಿ ಒಂದು ಮೊಟ್ಟೆಯೂ ಉಳಿಯದಿದ್ದರೂ ನೀರು ನಡುಗುತ್ತಲೇ ಇತ್ತು. ಗೋಡೆಯ ಕಡೆಯಿಂದ ಸಣ್ಣ ಸಣ್ಣ ಅಲೆ. ಮೈದುನ ಬಗ್ಗಿ ನೋಡಿದ. ಗೋಡೆಗೆ ಅಂಗೈ ಒತ್ತಿದ.

"ಗಟ್ಟಿಯಾಗಲಿ ಅಂತ ಬಿಗಿದೆ," ಎಂದ, ಮೆಲ್ಲಗೆ.

"ಆಗಿದೆ. ಕೋಳಿಯ ಹೊಟ್ಟೆವರೆಗೂ ಬಿಗಿದಿದೆ."

ಅವನು ಏಣಿ ಹತ್ತಿ ರೆಕ್ಕೆಗಳನ್ನು ಹಗ್ಗದಿಂದ ಕಟ್ಟಿದ. ಶೆಡ್ಡಿನ ಫ್ಯಾನು ನಿಂತಿತು, ನೀರೂ ನಿಂತಿತು. ಅತ್ತಿಗೆ ಮತ್ತೆ ಮೊಟ್ಟೆಗಳನ್ನಿಟ್ಟಳು. ಒಂದೂ ಅಲುಗಲಿಲ್ಲ. ಇಬ್ಬರೂ ಬೋಗುಣಿಯ ಮೇಲೆ ಬಗ್ಗಿ ಕಾದರು. ಕೊನೆಗೆ ಅಂಚಿನದೊಂದು ತುಸು ವಾಲಿತು. ಅದರ ಪಕ್ಕದ್ದು ತಿರುಗಿತು. ಎಣಿಸಿದರೆ ಹನ್ನೆರಡು. ಎರಡು ಮಾತ್ರ ಹಾಗೇ ತೇಲಿದವು.

ಹನ್ನೆರಡನ್ನು ಒರೆಸಿ ಗೂಡಿಗೆ ಸೇರಿಸಿದ ಮೇಲೆ ಕರಿಕೋಳಿ ಹೊಸ್ತಿಲಿಗೆ ಬಂತು. ಒಂದು ಕಾಲೆತ್ತಿ ಬಹಳ ಹೊತ್ತು ಯೋಚಿಸಿತು. ಆಮೇಲೆ ಒಳಗೆ ಹೋಗಿ, ಪುಕ್ಕ ಹರಡಿ, ಮೊಟ್ಟೆಗಳ ಮೇಲೆ ಇಳಿಯಿತು.

ಮೈದುನ ಬೇಲಿಯಾಚೆ ಕಂಬಕ್ಕೆ ಹೊಸ ಗುಂಡಿ ತೋಡಲು ಪಿಕಾಸಿ ಎತ್ತಿದ.

"ಇನ್ನೂ ಇಪ್ಪತ್ತು ಹೆಜ್ಜೆ ಆಚೆ," ಎಂದಳು ಅತ್ತಿಗೆ ಬಾಗಿಲಿಂದ.

"ಅಷ್ಟುದ್ದ ವೈರ್ ಇಲ್ಲ ಅತ್ತಿಗೆ."

"ತಂದ್ಕೋ. ಅಲ್ಲಿವರೆಗೆ ಬೀಸಣಿಗೆ ಕೊಡ್ತೀನಿ."

ಮೈದುನ ಪಿಕಾಸಿ ಹೆಗಲಿಗೇರಿಸಿ ಹೆಜ್ಜೆ ಎಣಿಸುತ್ತ ನಡೆದ.