ಹನ್ನೆರಡನೆಯ ಅಂಗಿ

ಹ್ಯಾಂಗರ್ ಇತ್ತು, ಅಂಗಿ ಇರಲಿಲ್ಲ.

ಉದಯಶಂಕರ್ ಬೀರುವಿನ ಬಾಗಿಲನ್ನು ಮುಚ್ಚಿ ಮತ್ತೆ ತೆಗೆದ. ಹಾಗೆ ಮಾಡಿದರೆ ವಾಪಸು ಬಂದೀತೆಂದು ಎಂ.ಎ. ಓದಿದವನೂ ನಂಬಬಹುದು, ಬೆಳಗಿನ ಏಳು ಗಂಟೆಗೆ. ಹನ್ನೊಂದು ಹವಾಯಿ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು: ಅನಾನಸು, ದಾಸವಾಳ, ತೆಂಗಿನಮರ, ದೋಣಿ, ಹುಣ್ಣಿಮೆ. ಹನ್ನೆರಡನೆಯದು, ಇವತ್ತು ಹಾಕಿಕೊಂಡು ಬೀದಿಗಿಳಿಯುತ್ತೇನೆಂದು ಅವನು ತನಗೆ ತಾನೇ ಮಾತು ಕೊಟ್ಟಿದ್ದು, ಇರಲಿಲ್ಲ. ಇವತ್ತಿಗೆ ಅವನಿಗೆ ಐವತ್ತು ತುಂಬಿತ್ತು.

"ದಾಕ್ಷಾಯಿಣಿ, ಇಲ್ಲಿದ್ದ ನೀಲಿ ಅಂಗಿ ಎಲ್ಲಿ?"

"ಯಾವ್ದು, ಕಾಲರ್ ಹರ್ದಿತ್ತಲ್ಲ, ಅದಾ?" ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. "ನಿನ್ನೆ ಪಾತ್ರೆಯವನಿಗೆ ಹಾಕ್ದೆ ಕಣ್ರೀ. ಎರಡು ಹಳೆ ಸೀರೆ, ಅದೊಂದು ಅಂಗಿ. ಎಂಥಾ ಡಬ್ಬಿ ಕೊಟ್ಟ ಗೊತ್ತಾ!"

ಡಬ್ಬಿಯನ್ನು ಸೆರಗಿನಲ್ಲಿ ಒರೆಸುತ್ತಾ ಬಂದು ತೋರಿಸಿದಳು. ಸ್ಟೀಲು ಗಟ್ಟಿಯಾಗಿಯೇ ಇತ್ತು. ಅದರಲ್ಲಿ ಅವನ ಮುಖ ಅಡ್ಡಡ್ಡಕ್ಕೆ ಹಿಗ್ಗಿ ಕಾಣಿಸಿತು.

"ಅದು ಹಳೇದು ಅಂತಲೇ ತರಿಸಿದ್ದು."

"ಹಳೇದು ಅಂತ ಗೊತ್ತಿದ್ದೂ ತರಿಸಿದ್ರಾ? ಯಾರು ಹಾಕ್ಕೊಂಡಿದ್ದು?"

"ಯಾರೋ. ಈಗ ಇಲ್ಲ."

"ಶಿವ ಶಿವಾ," ಎಂದು ಅವಳು ಡಬ್ಬಿಯನ್ನು ಕೆಳಗಿಟ್ಟಳು. "ಹೋಗಿದ್ದೇ ಒಳ್ಳೇದಾಯ್ತು ಬಿಡಿ."

ಅವಳದೇನು ತಪ್ಪು? ಚನ್ನಪಟ್ಟಣದಲ್ಲಿ ಯಾವ ಮನೆಯಲ್ಲಾದರೂ ಹಾಗೆಯೇ: ಹರಿದದ್ದು ಪಾತ್ರೆಯವನಿಗೆ, ಚೆನ್ನಾಗಿರುವುದು ಬೀರುವಿಗೆ. ಹನ್ನೊಂದು ಅಂಗಿಗಳು ಹೊಸವು. ಎಪ್ಪತ್ತು ವರ್ಷದ ಹಿಂದಿನ ಅಂಗಿಗಳನ್ನು ಎದುರಿಗಿಟ್ಟುಕೊಂಡು, ಗುಂಡಿಯಿಂದ ಹೊಲಿಗೆಯವರೆಗೆ ಹಾಗೆಯೇ ಜಪಾನಿನವರು ಮಾಡಿದ ನಕಲುಗಳು. ಹನ್ನೆರಡನೆಯದೊಂದೇ ಅಸಲು. ಅವಳು ನಕಲನ್ನು ಜೋಪಾನ ಮಾಡಿ ಅಸಲನ್ನು ಡಬ್ಬಿಗೆ ಕೊಟ್ಟಿದ್ದಳು. ಬೈಯೋಣವೆಂದರೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯಲಿಲ್ಲ.

ಮೂರು ವರ್ಷದ ಹಿಂದೆ ಆ ಅಸಲಿನ ಪಾರ್ಸೆಲ್ ಬಿಚ್ಚಿದ ದಿನ ಅವನು ನಿಜಕ್ಕೂ ಮಂಚದ ಮೇಲೆ ಕುಸಿದು ಕೂತಿದ್ದ. ಅಬ್ಬಾ, ಅದೆಂಥಾ ನೀಲಿ! ಅದರ ತುಂಬ ಹಾರುವ ಮೀನುಗಳು. ಎದೆಯ ಜೇಬು ಎಲ್ಲಿದೆಯೆಂದು ಬೆರಳಿನಿಂದ ತಡಕಿ ಹುಡುಕಬೇಕು. ಜೇಬಿನ ಮೇಲಿನ ಅರ್ಧ ಮೀನು ಅಂಗಿಯ ಮೇಲಿನ ಅರ್ಧ ಮೀನಿಗೆ ಒಂದೆಳೆಯೂ ಆಚೀಚೆ ಇಲ್ಲದಂತೆ ಕೂಡಿಕೊಂಡಿತ್ತು. ತೆಂಗಿನ ಚಿಪ್ಪಿನ ಗುಂಡಿಗಳು. ಎಂದೋ ಸತ್ತ ಒಬ್ಬ ದರ್ಜಿ ಒಂದು ಮೀನನ್ನು ತುಂಡು ಮಾಡಬಾರದೆಂದು ಅಷ್ಟು ಕಷ್ಟಪಟ್ಟಿದ್ದ. ಉದಯಶಂಕರನಿಗಾಗಿ ಯಾರೂ, ಸ್ವತಃ ಉದಯಶಂಕರನೂ, ಅಷ್ಟು ಕಷ್ಟಪಟ್ಟಿರಲಿಲ್ಲ.

ಹೆಂಡತಿ ಮಾಗಡಿಯ ತಂಗಿಯ ಮನೆಗೆ ಹೋದ ಭಾನುವಾರಗಳಲ್ಲಿ ಬಾಗಿಲು ಹಾಕಿಕೊಂಡು ತೊಡುತ್ತಿದ್ದ. ಕನ್ನಡಿಯೊಳಗೆ ಯಾರೋ ಒಬ್ಬ ಇರುತ್ತಿದ್ದ. ನಗಲು ತಿಳಿದವನು. ಕರೆಗಂಟೆ ಸದ್ದಾದರೆ ಗುಂಡಿ ಬಿಚ್ಚಲು ತೊಡಗುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ಸೋಮವಾರ ಮತ್ತೆ ತುಂಬುತೋಳಿನ ಬಿಳಿ ಅಂಗಿ, ಕಾಲೇಜು, ಎರಡನೇ ಪೀರಿಯಡ್ಡಿಗೆ ಅರ್ಥಶಾಸ್ತ್ರದ ಪಾಠ. ಇಪ್ಪತ್ತಮೂರು ವರ್ಷ. ಒಂದೇ ಒಂದು ಸಲ ಅದನ್ನು ತೊಟ್ಟು ಬಿಸಿಲಲ್ಲಿ ನಡೆಯದಿದ್ದರೆ ಕನ್ನಡಿಯೊಳಗಿನವನು ಅಲ್ಲಿಯೇ ಮುದುಕನಾಗಿಬಿಡುತ್ತಾನೆ ಎಂಬ ಹೆದರಿಕೆ ಅವನಿಗೆ ಹತ್ತಿತ್ತು.

ಹೊಟ್ಟೆ ಸರಿಯಿಲ್ಲವೆಂದು ಪ್ರಿನ್ಸಿಪಾಲರಿಗೆ ಫೋನು ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಸ್ಕೂಟರ್ ಹತ್ತಿದ.

ಪಾತ್ರೆಯ ಮುನಿಶಾಮಯ್ಯ ಸ್ಟೇಷನ್ ರಸ್ತೆಯ ಹೊಂಗೆಮರದ ಕೆಳಗೆ ಹಳೆ ಬಟ್ಟೆಗಳನ್ನು ಗುಡ್ಡೆ ಮಾಡಿ ವಿಂಗಡಿಸುತ್ತಿದ್ದ.

"ಮೀನಿನ್ ಅಂಗಿನಾ ಸಾ? ಅದು ನಿನ್ನೇನೇ ಹೊಂಟೋಯ್ತಲ್ಲ. ಅಕ್ಕೂರ್ ಬೋರಲಿಂಗಯ್ಯ ರೇಷ್ಮೆ ಹುಳದ್ ಮನೇಗೆ ಒಂದೈದಾರ್ ಅಂಗಿ ಬೇಕು ಅಂದ್ರು, ಕೊಟ್ಬುಟ್ಟೆ." ಅವನು ತಲೆಯೆತ್ತಿ ನೋಡಿದ. "ಯಾಕ್ ಸಾ, ಜೋಬಲ್ಲಿ ಏನಾರಾ ಇತ್ತಾ?"

"ಇಲ್ಲ ಇಲ್ಲ. ಸುಮ್ಮನೆ."

"ಒಂದಂಗೀಗ್ ಇಷ್ಟ್ ದೂರ ಬಂದ್ರಾ!" ಎಂದು ಮುನಿಶಾಮಯ್ಯ ನಕ್ಕ. ಉದಯಶಂಕರನೂ ನಕ್ಕ, ಬೇರೆ ಯಾರದೋ ಹುಚ್ಚಿಗೆ ನಗುವ ಹಾಗೆ.

ಅಕ್ಕೂರಿನ ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ. ಸ್ಕೂಟರಿನ ಮೇಲೆ ಅವನು ಒಂದೇ ವಾಕ್ಯವನ್ನು ಕಂಠಪಾಠ ಮಾಡಿದ: ಇದು ನನ್ನ ಅಂಗಿ. ಮೂರೇ ಪದ. ಅದನ್ನು ಹೇಳಬೇಕು, ಅಲ್ಲಿಯೇ ತೊಡಬೇಕು, ಅದರಲ್ಲೇ ಊರ ನಡುವೆ ವಾಪಸು ಬರಬೇಕು. ಊರ ಬಾಯಿಗೆ ಬೀಗ ಹಾಕುವವರು ಯಾರು, ಆಡಿಕೊಳ್ಳಲಿ. ಹೀಗಂದುಕೊಂಡಾಗ ಸ್ಕೂಟರ್ ಒಮ್ಮೆ ವಾಲಿತು.

ಹುಳದ ಮನೆಯ ಮುಂದೆ, ಹಗ್ಗದ ಮೇಲೆ, ಅಂಗಿ ಒಣಗುತ್ತಿತ್ತು.

ಬಿಸಿಲಲ್ಲಿ ಅದನ್ನು ಅವನು ನೋಡಿಯೇ ಇರಲಿಲ್ಲ. ನೀಲಿ ಒಂದಿಷ್ಟು ಇಳಿದಿತ್ತು, ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತಿತ್ತು. ಆದರೂ ಗಾಳಿಗೆ ಮೀನುಗಳು ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದವು. ಅವನು ಗೇಟಿನಲ್ಲಿಯೇ ನಿಂತುಬಿಟ್ಟ.

"ಯಾರು, ರೇಷ್ಮೆ ಇಲಾಖೆಯೋರಾ ಸಾ?" ಬಾಗಿಲಲ್ಲಿ ಬೋರಲಿಂಗಯ್ಯ ಕಾಣಿಸಿಕೊಂಡ. ಅರವತ್ತರ ಮನುಷ್ಯ, ಬರಿಗಾಲು, ತಲೆಗೆ ಟವಲು.

ಮೂರು ಪದ ಗಂಟಲಿನವರೆಗೆ ಬಂದವು. "ಹೂಂ," ಎಂದ ಉದಯಶಂಕರ್. "ಹೀಗೇ ನೋಡೋಣ ಅಂತ."

"ಬನ್ನಿ ಬನ್ನಿ. ಒಳ್ಳೆ ಹೊತ್ಗೇ ಬಂದ್ರಿ, ಹುಳ ಹಣ್ಣಾಯ್ತಾ ಐತೆ, ಇನ್ ಗೂಡ್ ಕಟ್ತವೆ. ಚಪ್ಲಿ ಅಲ್ಲೇ ಬುಡಿ. ಈಚೆ ಬಟ್ಟೆ ಒಳೀಕ್ ಬರಂಗಿಲ್ಲ, ರೋಗ ಬತ್ತದೆ. ನಿಮ್ಗೇನ್ ಹೇಳದು, ನೀವೇ ಹೇಳ್ಕೊಟ್ಟಿರೋದು." ಹಗ್ಗದಿಂದ ಕೈಗೆ ಸಿಕ್ಕಿದ್ದನ್ನು ಎಳೆದು ಕೊಟ್ಟ. "ಇದ್ ಹಾಕ್ಕಳಿ. ಒಸಿ ಬಣ್ಣಬಣ್ಣ ಐತೆ, ಬೇಜಾರ್ ಮಾಡ್ಕಬ್ಯಾಡಿ. ಒಳಗ್ಯಾರ್ ನೋಡ್ತಾರೆ?"

ಉದಯಶಂಕರ್ ಬಿಳಿ ಅಂಗಿ ಕಳಚಿ ಹಗ್ಗಕ್ಕೆ ಹಾಕಿದ. ಬಯಲಲ್ಲಿ, ಹಗಲಲ್ಲಿ, ನೀಲಿ ಅಂಗಿಯೊಳಗೆ ತೋಳು ತೂರಿಸಿದ. ಗುಂಡಿ ಹಾಕಿಕೊಂಡ. ಬೋರಲಿಂಗಯ್ಯನ ಹೆಂಡತಿ ನಾಗಲಕ್ಷ್ಮಮ್ಮ ಸೊಪ್ಪಿನ ಮಂಕರಿ ಹೊತ್ತು ಎದುರಿಗೇ ಬಂದಳು. ಈಗ ನಗುತ್ತಾಳೆ ಎಂದುಕೊಂಡ. ಅವಳು "ಒಸಿ ದಾರಿ ಬುಡಿ ಸಾ," ಎಂದು ಪಕ್ಕಕ್ಕೆ ಸರಿದು ಹೋದಳು. ಮೂರು ವರ್ಷ ಹೆದರಿದ್ದು ಇಷ್ಟಕ್ಕೇ ಎಂದು ಅವನಿಗೆ ನಾಚಿಕೆಯಾಯಿತು, ಯಾಕೋ ಅಳುವೂ ಬಂತು.

ಬೋರಲಿಂಗಯ್ಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದ. "ರೇಷ್ಮೆ ಅಲ್ಲ. ಆದ್ರೂ ಏನ್ ನುಣುಪು ಅಂತೀನಿ! ಯಾವನೋ ಒಳ್ಳೆ ಕಸಬುದಾರ ಮಾಡವ್ನೆ."

ಈಗ ಹೇಳಬಹುದಿತ್ತು. ಉದಯಶಂಕರ್ ಕೈ ತೊಳೆದುಕೊಂಡು ಒಳಗೆ ಹೋದ.

'ರೇಷ್ಮೆ ಮತ್ತು ಜಿಲ್ಲೆಯ ಆರ್ಥಿಕತೆ' ಎಂಬ ಪಾಠವನ್ನು ಅವನು ಇಪ್ಪತ್ತಮೂರು ಸಲ ಮಾಡಿದ್ದ. ಹುಳದ ಮನೆಯೊಳಗೆ ಕಾಲಿಟ್ಟದ್ದು ಇದೇ ಮೊದಲು. ತಟ್ಟೆ ತಟ್ಟೆಗಳಲ್ಲಿ ಸಾವಿರಾರು ಹುಳ, ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಗಾಳಿಯಲ್ಲಿ ಆ ಕಡೆ ಈ ಕಡೆ ತೂಗುತ್ತಾ ಏನನ್ನೋ ಹುಡುಕುತ್ತಿದ್ದವು. ಬೋರಲಿಂಗಯ್ಯ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗೆ ದೀಪ ಹಚ್ಚಿಟ್ಟ ಹಾಗೆ ಅದರ ಮೈ ಜೇನಿನ ಬಣ್ಣಕ್ಕೆ ಬೆಳಗಿತು.

"ಮೈ ತುಂಬ ನೂಲೇ ಸಾ ಈಗ. ಇನ್ನೇನೂ ಇಲ್ಲ ಒಳಗೆ."

ಹೆಂಗಸರು ಹಣ್ಣಾದ ಹುಳಗಳನ್ನು ಆಯ್ದು, ಬಿದಿರಿನ ಸುರುಳಿ ತಟ್ಟಿಗಳಾದ ಚಂದ್ರಿಕೆಗಳ ಮೇಲೆ ಬಿಡುತ್ತಿದ್ದರು. ಬಿಟ್ಟಲ್ಲಿಯೇ ಹುಳ ಗೂಡು ಕಟ್ಟಲು ತೊಡಗುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಯಾವುದೂ ಪಕ್ಕದ್ದನ್ನು ನೋಡಿ ನಕಲು ಮಾಡುತ್ತಿರಲಿಲ್ಲ. ಉದಯಶಂಕರ್ ಒಂದೊಂದು ಚಂದ್ರಿಕೆಯ ಹತ್ತಿರವೂ ಹೋದ. ಬಗ್ಗಿ ಬಗ್ಗಿ ನೋಡಿದ. ತಾನು ಯಾಕೆ ಬಂದೆನೆಂಬುದು ಒಂದು ಗಳಿಗೆ ಮರೆತೇ ಹೋಯಿತು.

"ಆಮೇಲೆ?" ಎಂದು ಕೇಳಿದ.

"ಆಮೇಲೇನು, ಐದಾರ್ ದಿನಕ್ಕೆ ರಾಮನಗರ ಮಾರ್ಕೆಟ್ಟು. ಅಲ್ಲಿಂದ ಬಿಸಿನೀರು, ಹುಳ ಗೂಡೊಳಗೇ ಬೇಯ್ತದೆ." ಬೋರಲಿಂಗಯ್ಯ ತಟಕ್ಕನೆ ಕೈ ಎತ್ತಿದ. "ಸಾ! ಅಲ್ಲಾಡ್ಬ್ಯಾಡಿ."

"ಏನು?"

"ಕೊಳ್ಳಲ್ಲಿ. ಒಂದ್ ಹುಳ ಹತ್ಬುಟ್ಟೈತೆ. ಕಾಲರ್ ಸಂದೀಲಿ ನೂಲ್ ಬುಡ್ತಾ ಐತೆ."

ಆಯುತ್ತಿದ್ದ ಹೆಂಗಸರು ಎದ್ದು ಬಂದು ಸುತ್ತ ನಿಂತರು. ನಾಗಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ನೋಡೇ, ಎಷ್ಟ್ ಚೆಂದಾಗ್ ಕೂತದೆ!" ಐವತ್ತು ವರ್ಷದಲ್ಲಿ ಮೊದಲ ಸಲ ಇಷ್ಟು ಕಣ್ಣುಗಳು ಬೆರಗಿನಿಂದ ಅವನ ಕಡೆ ತಿರುಗಿದ್ದವು. ಎಲ್ಲರೂ ನೋಡುತ್ತಿದ್ದುದು ಅವನ ಮುಖಕ್ಕಿಂತ ನಾಲ್ಕು ಬೆರಳು ಕೆಳಗೆ.

"ತೆಗೆದುಬಿಡಿ," ಎಂದ ಉದಯಶಂಕರ್.

"ನೂಲ್ ಬುಡೋ ಹುಳನ ಎಬ್ಬಿಸ್ಬಾರ್ದು, ಗೂಡು ಕೆಡ್ತದೆ. ನಿಮ್ಗೆ ಗೊತ್ತಿಲ್ದೇ ಇರದಾ?" ಬೋರಲಿಂಗಯ್ಯ ಸ್ಟೂಲು ಎಳೆದು ಕೊಟ್ಟ. "ಇಲ್ಲೇ ಕೂತ್ಕಳಿ. ಉಪಾಯ್ವಾಗ್ ಎತ್ತಕ್ಕೆ ಒಂದ್ ಕಡ್ಡಿ ತತ್ತೀನಿ."

ಅವನು ಹೊರಗೆ ಹೋದವನು ಬೇಗ ಬರಲಿಲ್ಲ. ಆಚೆ ಕೋಣೆಯ ತಟ್ಟೆಗಳೂ ಹಣ್ಣಾಗಿದ್ದವೆಂದು ಯಾರೋ ಕೂಗಿದರು, ಹೆಂಗಸರೂ ಅತ್ತ ಓಡಿದರು.

ಉದಯಶಂಕರ್ ಒಬ್ಬನೇ ಕೂತ. ಬಾಗಿಲು ತೆರೆದೇ ಇತ್ತು. ನಾಲ್ಕು ಹೆಜ್ಜೆ. ಎದ್ದು, ಹುಳವನ್ನು ಕಿತ್ತು ಹಾಕಿ, ಈ ಅಂಗಿಯಲ್ಲಿಯೇ ಸ್ಕೂಟರ್ ಹತ್ತಿದರೆ ಕೇಳುವವರಿಲ್ಲ.

"ಇದು ನನ್ನ ಅಂಗಿ," ಎಂದ. ದನಿ ಸ್ಪಷ್ಟವಾಗಿಯೇ ಬಂತು. ಕೇಳಿಸಿಕೊಳ್ಳಲು ಮನುಷ್ಯರು ಯಾರೂ ಇರಲಿಲ್ಲ.

ಕಿವಿಯ ಕೆಳಗೆ ಏನೋ ತಂಪಾಗಿ ತಾಕಿತು, ಬಿಟ್ಟಿತು, ಮತ್ತೆ ತಾಕಿತು. ಹುಳ ಒಂದು ಸಲ ಕಾಲರಿಗೆ, ಒಂದು ಸಲ ಅವನ ಕೊರಳಿಗೆ ಎಳೆ ಅಂಟಿಸುತ್ತಿತ್ತು. ಅವನು ಕೈಯನ್ನು ಅರ್ಧ ಎತ್ತಿ ಇಳಿಸಿದ. ಎಳೆ ಹರಿಯದ ಹಾಗೆ ಉಸಿರನ್ನು ಸಣ್ಣದು ಮಾಡಿಕೊಂಡ, ಇನ್ನೂ ಸಣ್ಣದು ಮಾಡಿಕೊಂಡ.