ಬಲಗಡೆಯ ಹೆಗಲು

ಆ ಮಂಗಳವಾರ ಸಂಜೆ ರೇನೊ ಲಾಹ್ತಿ ಹೆಂಡತಿ ಚಿತ್ರ ಬರೆಯಲು ಬಳಸುತ್ತಿದ್ದ ಸಾಮಾನಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಕರ್ಲಿಂಗ್ ಕ್ಲಬ್ಬಿನ ಮೆಟ್ಟಿಲು ಹತ್ತುವಾಗ ಒಂದು ತೀರ್ಮಾನ ಮಾಡಿಕೊಂಡೇ ಬಂದಿದ್ದ. ಇವತ್ತೇ ಕೊನೆ. ಈ ಪೆಟ್ಟಿಗೆಯನ್ನು ಮೇಲಿನ ಬೀರುವಿನಲ್ಲಿಟ್ಟು, ಯಾರಿಗಾದರೂ ಉಪಯೋಗವಾಗಲಿ ಅಂದು, ನಾಳೆಯಿಂದ ಮನೆಯಲ್ಲಿ ಟಿವಿ ಮುಂದೆ ಕಾಲು ಚಾಚಿಕೊಂಡು ಕೂರುವುದು. ಎಪ್ಪತ್ತು ದಾಟಿದ ಮುದುಕ ಇದ್ದಿಲು ಹಿಡಿದು ಚಿತ್ರ ಗೀಚುತ್ತ ಮೈಯೆಲ್ಲ ಮಸಿ ಮಾಡಿಕೊಂಡಿದ್ದು ಸಾಕು.

ಇಲ್ಡಾ ಬದುಕಿದ್ದಾಗ ಅವನು ಈ ಮೆಟ್ಟಿಲು ಹತ್ತಿದವನೇ ಅಲ್ಲ. ಪ್ರತಿ ಮಂಗಳವಾರ ಮೇಲಿನ ಕೋಣೆಯಲ್ಲಿ ಮಾಡೆಲ್ ನಿಲ್ಲಿಸಿಕೊಂಡು ಚಿತ್ರ ಬರೆಯುವವರ ಗುಂಪಿಗೆ ಅವಳನ್ನು ಕರೆತಂದು ಬಾಗಿಲಲ್ಲಿ ಇಳಿಸಿ, ಕೆಳಗೆ ಕಾರಿನಲ್ಲಿ ಹೀಟರ್ ಹಾಕಿಕೊಂಡು ರೇಡಿಯೋದಲ್ಲಿ ಐಸ್ ಹಾಕಿ ಪಂದ್ಯದ ವಿವರಣೆ ಕೇಳುತ್ತ ಕೂತಿರುತ್ತಿದ್ದ. ಮೇಲೆ ಬಾ, ಒಂದು ಲೋಟ ಕಾಫಿಯಾದರೂ ಕುಡಿ ಅಂತ ಅವಳು ಕರೆದದ್ದುಂಟು. "ಬಟ್ಟೆ ಬಿಚ್ಚಿ ನಿಂತಿರೋ ಗಂಡಸನ್ನ ನೋಡೋಕೆ ಅಷ್ಟು ಮೆಟ್ಲು ಹತ್ಬೇಕಾ? ಮನೇಲಿ ಕನ್ನಡಿ ಇಲ್ವಾ?" ಅಂದು ತಪ್ಪಿಸಿಕೊಳ್ಳುತ್ತಿದ್ದ. ಅವಳು ನಗುತ್ತಿದ್ದಳು, ಪಾಪ. ಈಗ ಆ ಮಾತು ನೆನಪಾದಾಗಲೆಲ್ಲ ಅವನಿಗೆ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವಳು ಹೋದದ್ದು ವಸಂತದಲ್ಲಿ. ಎಲೆ ಉದುರುವ ಹೊತ್ತಿಗೆ ಇವನು ಅವಳ ಪೆಟ್ಟಿಗೆ ಹಿಡಿದು ಇಲ್ಲಿಗೆ ಬಂದ. ಮನೆಯಲ್ಲಿ ಕೂತು ಕೂತು ಬೇಜಾರು ಅಂತ ಎಲ್ಲರಿಗೂ ಹೇಳಿದ. ನಿಜವಾದ ಕಾರಣ ಬೇರೆ ಇತ್ತು.

ರೇನೊ ಥಂಡರ್ ಬೇ ಊರಿನ ರಸ್ತೆಗಳಲ್ಲಿ ಹಿಮ ಗೋರುವ ಲಾರಿ ಓಡಿಸಿದವನು. ಇಲ್ಡಾ ಅದೇ ರಸ್ತೆಗಳಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಅಂಚೆ ಹಂಚಿದವಳು. ಚಳಿಗಾಲದಲ್ಲಿ ಊರಿನವರೆಲ್ಲ ದಪ್ಪ ಕೋಟು ಹೊದ್ದು, ಟೋಪಿ ಕಿವಿಯವರೆಗೆ ಎಳೆದುಕೊಂಡು, ಹೆಂಗಸು ಯಾರು ಗಂಡಸು ಯಾರು ಗೊತ್ತಾಗದ ಹಾಗೆ ನಡೆಯುತ್ತಾರೆ. ಅಂಥದ್ದರಲ್ಲೂ ರಸ್ತೆಯ ಆ ತುದಿಯಲ್ಲಿ, ಸುರಿಯುವ ಹಿಮದ ನಡುವೆ ಬರೀ ಬೆನ್ನು ಕಂಡರೆ ಸಾಕು, ಅದು ಇಲ್ಡಾ ಅಂತ ಇವನಿಗೆ ತಿಳಿದುಬಿಡುತ್ತಿತ್ತು. ಲಾರಿಯ ಹಾರನ್ ಒತ್ತುತ್ತಿದ್ದ. ಅವಳು ತಿರುಗದೆಯೇ ಕೈ ಎತ್ತುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ.

ಯಾವುದರಿಂದ ಗೊತ್ತಾಗುತ್ತಿತ್ತು? ಆಗ ಕೇಳಿಕೊಳ್ಳಲಿಲ್ಲ. ಈಗ ಕೇಳಿಕೊಂಡರೆ ಉತ್ತರವಿಲ್ಲ. ಫೋಟೊಗಳಿವೆ, ಆದರೆ ಕ್ಯಾಮೆರಾ ಕಂಡರೆ ಅವಳು ಉಸಿರು ಬಿಗಿಹಿಡಿದು ಕಂಬದ ಹಾಗೆ ನೆಟ್ಟಗಾಗಿಬಿಡುತ್ತಿದ್ದಳು. ಮುಖ ಅವಳದೇ, ನಿಂತ ರೀತಿ ಯಾರದೋ. ಅವಳು ಒಲೆಯ ಮುಂದೆ, ಕಿಟಕಿಯ ಹತ್ತಿರ, ಅಂಗಡಿಯ ಸಾಲಿನಲ್ಲಿ ಹೇಗೆ ನಿಲ್ಲುತ್ತಿದ್ದಳೋ ಹಾಗೆ ಒಂದೇ ಒಂದು ಸಲ ಕಾಗದದ ಮೇಲೆ ನಿಲ್ಲಿಸಬೇಕು, ಮರೆತುಹೋಗುವ ಮೊದಲು ನಿಲ್ಲಿಸಬೇಕು. ಅಷ್ಟಕ್ಕೇ ಅವನು ಚಿತ್ರ ಕಲಿಯಲು ಬಂದದ್ದು. ಮನೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಎಷ್ಟು ಹಾಳೆ ಹಾಳು ಮಾಡಿದನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೋಟು ಹಾಕಿಕೊಂಡ ಯಾರೋ ಒಬ್ಬ ಹೆಂಗಸು ಬರುತ್ತಿದ್ದಳು, ಇಲ್ಡಾ ಬರುತ್ತಿರಲಿಲ್ಲ. ನಿನ್ನೆ ರಾತ್ರಿ ಕಣ್ಣು ಮುಚ್ಚಿ ನೆನೆಸಿಕೊಳ್ಳಲು ನೋಡಿದರೆ ಅಲ್ಲೂ ಫೋಟೊದ ಇಲ್ಡಾಳೇ ಬಂದು ನೆಟ್ಟಗೆ ನಿಂತಳು. ಅವನಿಗೆ ಹೆದರಿಕೆಯಾಯಿತು. ಮರೆತೇಹೋಯಿತು, ಮುಗಿಯಿತು, ಇನ್ನು ಆ ಕ್ಲಬ್ಬಿಗೆ ಹೋಗಿ ಮಾಡುವುದೇನು ಅಂದುಕೊಂಡ.

ಮೇಲಿನ ಕೋಣೆಯಲ್ಲಿ ಆಗಲೇ ಏಳೆಂಟು ಮಂದಿ ಸೇರಿದ್ದರು. ಕೆಳಗಿನ ಮಂಜುಗಡ್ಡೆಯ ಅಂಕಣದಲ್ಲಿ ಕರ್ಲಿಂಗ್ ಆಡುವವರು ಜಾರಿಸಿದ ಕಲ್ಲಿಗೆ ಕಲ್ಲು ಬಡಿಯುವ ಸದ್ದು ಇಲ್ಲಿಗೂ ಕೇಳುತ್ತಿತ್ತು. ನಡುವೆ ಮರದ ಮಣೆ, ಅದರ ಪಕ್ಕ ಒಂದು ಹೀಟರ್, ಹೀಟರಿಗೆ ಬೆನ್ನು ಕೊಟ್ಟುಕೊಂಡು ನಿಲುವಂಗಿಯಲ್ಲಿ ಗಾರ್ಡಿ. ಹರೆಯದಲ್ಲಿ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದವನು, ಈಗ ಮೀನು ಕರಿಯುವ ಅಂಗಡಿ ಇಟ್ಟಿದ್ದಾನೆ. ಮಂಗಳವಾರ ಇವರಿಗೆ ಮಾಡೆಲ್ ಆಗಿ ನಿಲ್ಲುತ್ತಾನೆ. ದೊಡ್ಡ ಆಳು.

"ಬಂದ್ಯಾ ಹಿಮದ ಲಾರಿ?" ಅಂದಳು ಒರೀಸಿಯಾ ಕೊಜಾಕ್. "ಬಾಗ್ಲು ಹಾಕಯ್ಯ, ಗಾರ್ಡಿ ನಡುಗಿದ್ರೆ ನಮ್ಮ ಗೆರೇನೂ ನಡುಗುತ್ತೆ."

ಈ ಗುಂಪು ಕಟ್ಟಿದವಳೇ ಒರೀಸಿಯಾ. ಬಟ್ಟೆ ತಿದ್ದಿಕೊಡುವ ಅಂಗಡಿ ನಡೆಸಿ ಊರಿನ ಅರ್ಧ ಜನರ ಸೊಂಟದ ಅಳತೆ ಬಾಯಿಪಾಠ ಮಾಡಿಕೊಂಡಿದ್ದ ಹೆಂಗಸು. ಗಿಡ್ಡ ಕಾಲು, ಉದ್ದ ನಾಲಿಗೆ. ರೇನೊ ಮೊದಮೊದಲು ತಲೆಯಿಂದ ಶುರುಮಾಡಿ, ತಲೆಯನ್ನೇ ಕುಂಬಳಕಾಯಿಯಷ್ಟು ಬರೆದು, ಮಂಡಿಗೆ ಬರುವಷ್ಟರಲ್ಲಿ ಕಾಗದ ಮುಗಿಸಿಬಿಡುತ್ತಿದ್ದ. "ಪಾದ ಎಲ್ಲಯ್ಯ? ಕೆಳಗಿನ ಮನೆಯವರಿಗೆ ಬಾಡಿಗೆಗೆ ಕೊಟ್ಟಿದ್ಯಾ?" ಅಂತ ಅವಳು ಕೇಳುತ್ತಿದ್ದಳು. ಆಮೇಲೆ ತಾನೇ ಪಕ್ಕಕ್ಕೆ ಬಂದು, ಕಾಗದದ ಮೇಲೊಂದು ಗುರುತು, ಕೆಳಗೊಂದು ಗುರುತು ಹಾಕಿ, ತಲೆ ಇಲ್ಲಿ, ಹಿಮ್ಮಡಿ ಇಲ್ಲಿ, ನಡುವೆ ಇರೋ ಮನುಷ್ಯನ್ನ ನೀನು ಹೊಂದಿಸಿಕೋ ಅಂತ ಹೇಳಿಕೊಟ್ಟಿದ್ದಳು. ಬೈಯುವ ಬಾಯಿಯೇ ಹೊರತು ಮನಸ್ಸು ಬೆಣ್ಣೆ.

ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಕೊನೆಗೆ ಎಲ್ಲರೂ ತಮ್ಮ ಹಾಳೆಗಳನ್ನು ಹೆಸರು ಹಾಕದೆ ಗಾರ್ಡಿಯ ಕೈಗೆ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದು. ಅವನು ಅವನ್ನು ಕಲಸಿ ನೆಲದ ಮೇಲೆ ಹರಡುವುದು. ಆಮೇಲೆ ಪ್ರತಿ ಹಾಳೆಗೂ ಮೊದಲು "ಯಾರ ಕೈ?" ಅಂತ ಪತ್ತೆ ಹಚ್ಚಬೇಕು, ಬಳಿಕ ಒಳ್ಳೆಯದು ಹೇಳಬೇಕು, ಆಮೇಲೆ ತಿದ್ದಬೇಕಾದದ್ದು. ಬರೆದವನು ತನ್ನ ಹಾಳೆಯ ಮಾತು ಮುಗಿಯುವ ತನಕ ತುಟಿ ಪಿಟಕ್ಕೆನ್ನುವಂತಿಲ್ಲ. ಬಾಯಿ ಬಿಟ್ಟವನು ಮುಂದಿನ ವಾರ ಎಲ್ಲರಿಗೂ ಪರ್ಷಿಯನ್ ತರಬೇಕು, ಅಂದರೆ ಆ ಊರಿನವರು ಪ್ರಾಣ ಬಿಡುವ ಗುಲಾಬಿ ಬಣ್ಣದ ಸಿಹಿ ಬನ್ನು.

ಕೈ ಪತ್ತೆ ಹಚ್ಚುವುದು ಕಷ್ಟವಿರಲಿಲ್ಲ, ಯಾಕೆಂದರೆ ಯಾರನ್ನು ಬರೆದರೂ ಬರೆದವರ ಮೈ ಚಿತ್ರದೊಳಗೆ ನುಸುಳಿಬಿಡುತ್ತದೆ. ಸಿಟಿ ಬಸ್ ಓಡಿಸುವ ಕ್ಲೇಟನ್ನನ ಕುತ್ತಿಗೆ ಉದ್ದ. ಅವನ ಕೈಯಲ್ಲಿ ಗಾರ್ಡಿಗೂ ಕೊಕ್ಕರೆಯ ಕುತ್ತಿಗೆ ಬರುತ್ತಿತ್ತು. ಒರೀಸಿಯಾ ಬರೆದರೆ ಕಾಲು ಗಿಡ್ಡ. ಒಂದೇ ಮೈಯಲ್ಲಿ ಇಷ್ಟು ವರ್ಷ ಬಾಳುವೆ ಮಾಡಿದ್ದೀವಿ, ಕೈಗೆ ಗೊತ್ತಿರೋದು ಅದೊಂದೇ ಅಂತ ಅವಳು ಹೇಳುತ್ತಿದ್ದಳು. ರೇನೊ ಮಾತ್ರ ಈ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಪೀಪಾಯಿಯಂಥ ಗಂಡಸು, ಆದರೂ ಅವನ ಚಿತ್ರದಲ್ಲಿ ಆ ಹೊಟ್ಟೆ ಬಂದದ್ದೇ ಇಲ್ಲ. ಪೆನ್ಸಿಲನ್ನು ಕಣ್ಣಿನ ಮುಂದೆ ಹಿಡಿದು ಅಳೆದು ಅಳೆದು, ಹೆದರುತ್ತ ಹೆದರುತ್ತ, ಸೆಟೆದುಕೊಂಡ ಗೊಂಬೆಯಂಥದೊಂದನ್ನು ಬರೆಯುತ್ತಿದ್ದ. "ನಿನ್ನ ಚಿತ್ರದಲ್ಲಿ ಗಾರ್ಡಿನೂ ಇಲ್ಲ, ನೀನೂ ಇಲ್ಲ ಕಣಯ್ಯ. ಯಾರನ್ನಾದ್ರೂ ಒಬ್ಬರನ್ನ ಕರ್ಕೊಂಡು ಬಾ," ಅಂದಿದ್ದಳು ಒರೀಸಿಯಾ ಒಂದು ಸಲ.

ಆ ಸಂಜೆ ಗಾರ್ಡಿಯ ಮಂಡಿ ನೋವು ಕಡಿಮೆಯಾಗಿತ್ತು. ಈಚಿನ ತಿಂಗಳುಗಳಲ್ಲಿ ಬಹಳ ಹೊತ್ತಿನ ಭಂಗಿಗೆ ಕೂತೇ ಇರುತ್ತಿದ್ದವನು ಇವತ್ತು ಅದಕ್ಕೂ ನಿಂತುಕೊಂಡೇ ಇರುತ್ತೇನೆ ಅಂದ. ನಿಲುವಂಗಿ ಕಳಚಿಟ್ಟು ಮಣೆ ಹತ್ತಿ ಇವರಿಗೆ ಬೆನ್ನು ಮಾಡಿ ನಿಂತ. ನಡುವೆ ವಿಶ್ರಾಂತಿಗೆ ಇಳಿದರೆ ಮತ್ತೆ ಅದೇ ಜಾಗಕ್ಕೆ ಬರಬೇಕಲ್ಲ, ಕ್ಲೇಟನ್ ಅವನ ಪಾದಗಳ ಸುತ್ತ ಅಂಟುಪಟ್ಟಿ ಹಚ್ಚಿದ.

ರೇನೊ ಮೇಲೆ ಕೆಳಗೆ ಗುರುತು ಹಾಕಿದ. ಅಳೆಯಲು ಪೆನ್ಸಿಲು ಎತ್ತಿದವನು ಹಾಗೇ ಕೆಳಗಿಟ್ಟ. ಬಿಟ್ಟುಹೋಗುವವನಿಗೆ ಅಳತೆ ಯಾಕೆ? ಚೆನ್ನಾಗಿ ಬಂದರೇನು, ಕೆಟ್ಟರೇನು. ಒಂದು ಇದ್ದಿಲು ತುಂಡು ತೆಗೆದುಕೊಂಡು ಅಡ್ಡಡ್ಡ ಹಿಡಿದು ಎಳೆಯುತ್ತ ಹೋದ. ಗಾರ್ಡಿಯ ಬೆನ್ನನ್ನು ನೋಡಿದ, ಹಾಳೆಯನ್ನು ಅಷ್ಟಾಗಿ ನೋಡಲಿಲ್ಲ. ಮನಸ್ಸು ಎಲ್ಲೋ ಇತ್ತು. ಬೆನ್ನು, ಹಿಮ, ಲಾರಿಯ ಗಾಜಿನ ಮೇಲೆ ವೈಪರ್ ಆಚೀಚೆ ಹೋಗುವುದು. ಗಂಟೆ ಬಾರಿಸಿದಾಗ ಹಾಳೆಯನ್ನು ಕಿತ್ತು, ಸರಿಯಾಗಿ ನೋಡದೆ ಗಾರ್ಡಿಯ ಕೈಗೆ ಕೊಟ್ಟ. ಪೆಟ್ಟಿಗೆಯನ್ನು ಒರೆಸಿ ಮುಚ್ಚಿ, ಗುಂಪಿನವರ ಹಳೆಯ ಹಾಳೆಗಳೆಲ್ಲ ಇದ್ದ, ಅವನು ಒಂದು ಸಲವೂ ತೆಗೆದು ನೋಡದ ಬೀರುವಿನ ಪಕ್ಕದಲ್ಲಿಟ್ಟ.

ಎಲ್ಲರೂ ಗೋಡೆಗೆ ಮುಖ ಮಾಡಿದರು. ಹಿಂದೆ ಹಾಳೆಗಳ ಸರಪರ.

"ತಿರುಗಿ," ಅಂದ ಗಾರ್ಡಿ. "ಇವತ್ತು ನಂಗೆ ಎಷ್ಟು ಥರದ ಅಂಡು ಬಂದಿದೆ ನೋಡಿ. ಒಂದಾದ್ರೂ ನನ್ನ ಹೆಂಡ್ತಿ ಗುರುತು ಹಿಡಿಯೋ ಹಾಗಿಲ್ಲ."

ಮೊದಲಿನದು ನೋಡಿದ ತಕ್ಷಣ ಎಲ್ಲರೂ ಒಂದೇ ಸಲ ಕ್ಲೇಟನ್ ಅಂದರು. ಕುತ್ತಿಗೆ ಇನ್ನೊಂದು ಗೇಣು ಬೆಳೆದಿತ್ತು. ಎರಡನೆಯದು ಒರೀಸಿಯಾಳದು. "ಈ ಕಾಲಿನಲ್ಲಿ ನಾನು ಬಸ್ ಹತ್ತೋಕಾಗಲ್ಲ," ಅಂದ ಗಾರ್ಡಿ. "ನನ್ನ ಬಸ್ಸಿಗೆ ಬನ್ನಿ, ಮೆಟ್ಲು ಇಳಿಸಿ ಕೊಡ್ತೀನಿ," ಅಂದ ಕ್ಲೇಟನ್. ತನ್ನ ಚಿತ್ರದ ಬಗ್ಗೆ ಬಾಯಿ ಬಿಡುವ ಹಾಗಿಲ್ಲದ ಒರೀಸಿಯಾ ಕಣ್ಣಲ್ಲೇ ಇಬ್ಬರನ್ನೂ ಸುಟ್ಟಳು.

ಮೂರನೆಯ ಹಾಳೆಯ ಮುಂದೆ ಅವಳು ನಿಂತುಬಿಟ್ಟಳು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ನಗುವೆಲ್ಲ ಮುಖದಿಂದ ಇಳಿದುಹೋಯಿತು.

"ಗಾರ್ಡಿ, ಬೀರು ಯಾಕೆ ತೆಗೆದೆ?"

"ನಾನೆಲ್ಲಿ ತೆಗ್ದೆ?"

"ತಮಾಷೆಗೂ ಒಂದು ಮಿತಿ ಇರ್ಬೇಕು. ಇದು ಇಲ್ಡಾದು. ಹಳೇ ಹಾಳೆ ತಂದು ಇಲ್ಲಿ ಹಾಕಿದ್ದೀಯಲ್ಲ, ಅವಳ ಗಂಡ ಇಲ್ಲೇ ನಿಂತಿದ್ದಾನೆ, ನಿನಗೆ ಅಷ್ಟೂ ಗೊತ್ತಾಗಲ್ವಾ?"

"ಒರೀಸಿಯಾ, ನಾನು ಬೀರು ಮುಟ್ಟಿಲ್ಲ. ನೀವು ಕೊಟ್ಟಿದ್ದನ್ನೇ ಹಾಸಿದ್ದೀನಿ."

ಕ್ಲೇಟನ್ನನೂ ಬಗ್ಗಿದ. "ಇಲ್ಡಾದೇ," ಅಂದ ಮೆಲ್ಲಗೆ. "ನೋಡಿ, ಆ ಬಲಗಡೆ ಹೆಗಲು. ಕಣ್ಣು ಮುಚ್ಕೊಂಡೂ ಹೇಳ್ಬಹುದು."

ರೇನೊ ಹಿಂದೆ ನಿಂತಿದ್ದವನು ಮುಂದೆ ಬಂದು ನೋಡಿದ. ಕಾಲ ಬಳಿ ಅವನೇ ಹೆಬ್ಬೆರಳಲ್ಲಿ ತೀಡಿದ ಮಸಿಯಿತ್ತು. ಮೇಲೊಂದು ಗುರುತು, ಕೆಳಗೊಂದು ಗುರುತು.

"ಅದು ನಂದು," ಅಂದ.

ಕೆಳಗೆ ಕಲ್ಲೊಂದು ಜಾರಿ ಹೋಗಿ ಇನ್ನೊಂದಕ್ಕೆ ಬಡಿಯಿತು.

ಒರೀಸಿಯಾ ಬೀರುವಿನ ಬಾಗಿಲು ತೆರೆದು, ಅಡಿಯಿಂದ ಒಂದು ಹಾಳೆ ಎಳೆದು ತಂದು ಆ ಚಿತ್ರದ ಪಕ್ಕದಲ್ಲಿ ಹಾಸಿದಳು. ಇಲ್ಡಾ ಬರೆದ ಗಾರ್ಡಿ, ಇವತ್ತಿನ ಹಾಗೇ ಬೆನ್ನು ಮಾಡಿ ನಿಂತವನು. ಎರಡರಲ್ಲೂ ಬಲಗಡೆಯ ಹೆಗಲು ಕಿವಿಯ ಕಡೆಗೆ ಏರಿತ್ತು, ತಲೆ ಎಡಕ್ಕೆ ಒಂದಿಷ್ಟು ವಾಲಿತ್ತು, ಮೈಭಾರವೆಲ್ಲ ಎಡಗಾಲಿನ ಮೇಲಿತ್ತು.

"ನನ್ನ ಹೆಗಲು ಎರಡೂ ಸಮ ಇದೆ ಕಣ್ರಪ್ಪ," ಅಂದ ಗಾರ್ಡಿ. ನಿಲುವಂಗಿ ಸರಿಸಿ ತೋರಿಸಿದ. ಸಮವಾಗಿಯೇ ಇದ್ದವು.

"ಪ್ರತಿ ವಾರ ಅವಳಿಗೆ ಹೇಳ್ತಿದ್ದೆ," ಅಂದಳು ಒರೀಸಿಯಾ. "ಇಲ್ಡಾ, ಬಲಗಡೆ ಹೆಗಲು ಮೇಲಿದೆ, ಇಳಿಸು ಅಂತ. ಮುಂದಿನ ವಾರ ಇಳಿಸ್ತೀನಿ ಅನ್ನೋಳು. ಮುಂದಿನ ವಾರ ಬಂದ್ರೆ ಮತ್ತೆ ಅದೇ. ಗಾರ್ಡಿನ ಬರೆದ್ರೂ ಅದೇ, ಬೇರೆ ಯಾರು ಬಂದು ನಿಂತ್ರೂ ಅದೇ."

ರೇನೊ ಮಂಡಿಯೂರಿ ಕೂತ. ಆ ಎರಡು ಬೆನ್ನುಗಳನ್ನು ನೋಡುತ್ತಿದ್ದಂತೆ ರಸ್ತೆಯ ತುದಿ, ಸುರಿಯುವ ಹಿಮ, ದಪ್ಪ ಕೋಟು ಎಲ್ಲ ಅವನ ಕಣ್ಣೆದುರಿಗೆ ಬಂದವು. ಈ ಸಲ ನೆಟ್ಟಗೆ ನಿಂತ ಫೋಟೊದವಳು ಅಡ್ಡ ಬರಲಿಲ್ಲ.

"ಚೀಲ," ಅಂದ. "ಅಂಚೆ ಚೀಲ. ಬಲಗಡೆಗೇ ಹಾಕ್ಕೋತಿದ್ಲು. ಪಟ್ಟಿ ಜಾರ್ದೆ ಇರ್ಲಿ ಅಂತ ಹೆಗಲು ಎತ್ಕೊಂಡೇ ನಡೀತಿದ್ಲು. ರಿಟೈರ್ ಆಗಿ ಚೀಲ ವಾಪಸ್ ಕೊಟ್ಮೇಲೂ ಅದು ಇಳೀಲೇ ಇಲ್ಲ. ಒಲೆ ಮುಂದೆ ನಿಂತ್ರೂ ಹಾಗೇ ನಿಲ್ಲೋಳು. ನಾನು ಮರೆತೇಬಿಟ್ಟೆ ಅಂದ್ಕೊಂಡಿದ್ದೆ."

"ಎಲ್ಲಿ ಮರೀತೀಯ," ಅಂದಳು ಒರೀಸಿಯಾ. "ನಿಂಗೆ ನಿನ್ನ ಹೊಟ್ಟೆ ಗೊತ್ತಿಲ್ಲ, ಅದಕ್ಕೇ ಅದು ಚಿತ್ರದಲ್ಲಿ ಬಂದೇ ಇಲ್ಲ. ಇಷ್ಟು ವರ್ಷ ನೀನು ನೋಡಿದ ಮೈ ಅವಳದೊಂದೇ."

ರೇನೊ ಅತ್ತುಬಿಟ್ಟ. ಮುಚ್ಚಿಟ್ಟುಕೊಳ್ಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ, ಎಲ್ಲರ ಎದುರಿಗೇ ನೆಲದ ಮೇಲೆ ಕೂತು ಅತ್ತ. ದುಃಖವೂ ಇತ್ತು, ಅದಕ್ಕಿಂತ ಹೆಚ್ಚಾಗಿ ಸಂತೋಷವಿತ್ತು. ಕಣ್ಣೊರೆಸಿಕೊಂಡ ಕೈಯಲ್ಲಿದ್ದ ಇದ್ದಿಲೆಲ್ಲ ಮುಖಕ್ಕಾಯಿತು. ಕ್ಲೇಟನ್ ಒಂದು ಲೋಟ ಕಾಫಿ ತಂದು ಅವನ ಪಕ್ಕದಲ್ಲಿಟ್ಟು, ತಾನೂ ಅಲ್ಲೇ ಕೂತುಕೊಂಡ.

ಒರೀಸಿಯಾ ಕನ್ನಡಕ ತೆಗೆದು ಸ್ಕರ್ಟಿನ ಅಂಚಿನಲ್ಲಿ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು.

"ಸರಿ. ಪದ್ಧತಿ ಪದ್ಧತಿನೇ. ಒಳ್ಳೇದು ಮೊದ್ಲು. ಈ ಚಿತ್ರದ ಮನುಷ್ಯ ಕಾಲೂರಿ ನೆಲದ ಮೇಲೆ ನಿಂತಿದ್ದಾನೆ. ಮೊದಲನೇ ಸಲ ರೇನೊನ ಚಿತ್ರದಲ್ಲಿ ಒಬ್ಬರು ನಿಂತಿದ್ದಾರೆ. ಇನ್ನು ತಿದ್ದೋದು. ಕೈ ಎರಡೂ ಬನ್ನಿನ ಥರ ಊದ್ಕೊಂಡಿದೆ, ಬೆರಳು ಎಲ್ಲಿ ಅಂತ ಹುಡುಕ್ಬೇಕು." ಅವಳು ಆ ಎರಡು ಹಾಳೆಗಳನ್ನೂ ಮತ್ತೊಮ್ಮೆ ನೋಡಿದಳು. "ಮತ್ತೆ, ಬಲಗಡೆ ಹೆಗಲು ಮೇಲಿದೆ. ಇಳಿಸ್ಬೇಕು."

ರೇನೊ ಮಸಿ ಮುಖದಲ್ಲೇ ತಲೆಯೆತ್ತಿ ಅವಳನ್ನು ನೋಡಿದ. ಎದ್ದು ನಿಂತ. ಬೀರುವಿನ ಪಕ್ಕದಲ್ಲಿಟ್ಟಿದ್ದ ಪೆಟ್ಟಿಗೆಯನ್ನು ತೆಗೆದುಕೊಂಡು ಮತ್ತೆ ಕಂಕುಳಿಗೆ ಇರುಕಿಕೊಂಡ.

"ಮುಂದಿನ ವಾರ ಇಳಿಸ್ತೀನಿ," ಅಂದ.

"ಬರುವಾಗ ಪರ್ಷಿಯನ್ ತಗೊಂಡು ಬಾ," ಅಂದಳು ಒರೀಸಿಯಾ. "ನಡುವೆ ಬಾಯಿ ಬಿಟ್ಟವನು ನೀನು."